ಹೋದ ವಾರ ಬರಬೇಕಿತ್ತು

ಹೊಳೆಯ ದಂಡೆಯ ಆ ಮಠ ಬಹಳ ಚಿಕ್ಕದು. ಅಲ್ಲಿದ್ದವರು ಇಬ್ಬರೇ: ಊರೆಲ್ಲ ಅಜ್ಜಾರು ಎಂದು ಕರೆಯುವ ಗುರುಗಳು, ಅವರ ಶಿಷ್ಯ ಅಡಿವೆಪ್ಪ.

ಮೂರು ವರ್ಷದ ಹಿಂದೆ ಅಜ್ಜಾರು ಅಡಿವೆಪ್ಪನಿಗೆ ಮಠದ ಹಿತ್ತಲು ತೋರಿಸಿ, ಇಲ್ಲೊಂದು ತೋಟ ಮಾಡು, ಆದಮೇಲೆ ಕರೆ, ಬಂದು ನೋಡುತ್ತೇನೆ ಎಂದಿದ್ದರು. ಅಡಿವೆಪ್ಪ ಮೈಮುರಿದು ದುಡಿದ. ಸುತ್ತ ಮುಳ್ಳಿನ ಬೇಲಿ ಕಟ್ಟಿ, ತಟ್ಟಿಯ ಬಾಗಿಲು ನಿಲ್ಲಿಸಿದ.

ಆದರೆ ಕರೆಯಲಿಲ್ಲ. ಒಂದು ಸಲ ಮಲ್ಲಿಗೆ ಮುಗಿದುಹೋಗಿತ್ತು. ಇನ್ನೊಂದು ಸಲ ಸೇವಂತಿಗೆ ಮೊಗ್ಗೇ ಬಿಟ್ಟಿರಲಿಲ್ಲ. ಚೆಂಡುಹೂವು ತುಂಬಿ ನಿಂತಾಗ ಬದನೆಗೆ ಹುಳ ಬಿದ್ದಿತ್ತು.

"ಊರ ಆಡು ಕುರಿ ಎಲ್ಲಾ ನಿನ್ನ ತೋಟ ನೋಡ್ಯಾವು. ನಾ ಒಬ್ಬವ ಉಳದೇನಿ," ಎಂದು ಅಜ್ಜಾರು ಆಗಾಗ ಅವನ ಕಾಲೆಳೆಯುತ್ತಿದ್ದರು. ಆದರೂ ಶಿಷ್ಯ ಕರೆಯದೆ ಆ ಬಾಗಿಲು ದಾಟಲಿಲ್ಲ.

ಈ ಸಲ ದೀಪಾವಳಿ ಮುಗಿಯುವಷ್ಟರಲ್ಲಿ ಅಜ್ಜಾರ ಕಣ್ಣು ಮಂಜಾದವು. ಪಟ್ಟಣದ ಡಾಕ್ಟರು ನೋಡಿ, ಕಣ್ಣಿನ ನರವೇ ಸೋತಿದೆ, ಆಪರೇಷನ್ ಮಾಡಿದರೂ ಉಪಯೋಗವಿಲ್ಲ, ಯುಗಾದಿಯ ತನಕ ಕಂಡರೆ ಪುಣ್ಯ ಎಂದರು. ಅಜ್ಜಾರು ತಲೆಯಾಡಿಸಿ, ಡಾಕ್ಟರ ಊಟವಾಯಿತೇ ಎಂದು ವಿಚಾರಿಸಿ, ಎದ್ದು ಬಂದರು.

ಅಡಿವೆಪ್ಪನಿಗೆ ಅಂದಿನಿಂದ ಅನ್ನ ಸೇರಲಿಲ್ಲ. ಗುರುಗಳ ಕಣ್ಣು ಹೋಗುವುದರೊಳಗೆ ತನ್ನ ತೋಟವನ್ನು ತುಂಬು ಹೂವಿನಲ್ಲಿ ಅವರಿಗೆ ತೋರಿಸಬೇಕು. ಒಮ್ಮೆ ತೋರಿಸಿದರೆ ಸಾಕು, ಅವನಿಗೆ ಬೇರೇನೂ ಬೇಡವಾಗಿತ್ತು.

"ಸಂಕ್ರಾಂತಿ ತನಕ ತಡೀರಿ ಅಜ್ಜಾರ. ಎಲ್ಲಾ ಹೂವು ಒಮ್ಮೆಗೇ ಅರಳಿಸಿ ತೋರಸ್ತೀನಿ."

"ಹೆಂಗ ಅರಳಸ್ತೀ?"

"ಅದ ತಿಳೀವಲ್ದರಿ."

"ಹಂಗಾರ ನಾಕ ಮಂದಿ ತೋಟ ನೋಡಿ ಬಾ," ಎಂದರು ಅಜ್ಜಾರು.

ಹೊಳೆಯಾಚೆಯ ಸೀಮೆಯವರಿಗೆ ಹೂವಿನ ಹುಚ್ಚು. ಗುರುತಿಲ್ಲದವರು ಬಂದು ತೋಟ ನೋಡಬೇಕೆಂದರೂ ಬಾಗಿಲು ತೆರೆದು, ಕುಡಿಯಲು ನೀರು ಕೊಟ್ಟು, ಒಳಗೆ ಕರೆದೊಯ್ಯುತ್ತಾರೆ. ಅಡಿವೆಪ್ಪ ಬುತ್ತಿ ಕಟ್ಟಿಕೊಂಡು ದೋಣಿ ಹತ್ತಿದ.

ಮೊದಲು ನೋಡಿದ್ದು ಊರ ನಡುವಿನ ಸಾರ್ವಜನಿಕ ಉದ್ಯಾನ. ಹುಲ್ಲಿನ ಮೇಲೆ ಮಕ್ಕಳು ಉರುಳಾಡುತ್ತಿದ್ದರು. ಸಾಲುಸಾಲಾಗಿ ಕೆಂಪು ಕಾಬಾಳೆ ಹೂಗಿಡಗಳು ನಿಂತಿದ್ದವು. ಅಷ್ಟು ಹೂವನ್ನು ಅವನು ಒಂದೇ ಕಡೆ ಕಂಡಿರಲಿಲ್ಲ. ಅಲ್ಲಿನ ಮಾಲಿ ಹುಸೇನಸಾಬರು ಮಾತ್ರ ತಪ್ಪು ಮಾಡಿದವರ ಹಾಗೆ ಬಂದು, ಹೋದ ವಾರ ಬರಬೇಕಿತ್ತು, ಈಗ ಅರ್ಧ ಉದುರಿಹೋಗಿದೆ ಎಂದರು.

ಆಮೇಲೆ ದೇಸಾಯರ ವಾಡೆಗೆ ಹೋದ. ಮನೆಯ ಹಿರಿಯಮ್ಮ ಕುರ್ಚಿ ಹಾಕಿಸಿ ಕೂರಿಸಿ, ಡೇರೆ ಹೂವು ಅರಳಲು ಇನ್ನೂ ಹತ್ತು ದಿನ ಬೇಕು, ಆಗ ಬಂದಿದ್ದರೆ ನೋಡುವಂತಿತ್ತು ಎಂದು ಪೇಚಾಡಿಕೊಂಡರು.

ನಿವೃತ್ತ ಹೆಡ್ ಮಾಸ್ತರರೊಬ್ಬರು ಗುಲಾಬಿ ಬೆಳೆದಿದ್ದರು. ಅವರು ಅಡಿವೆಪ್ಪನನ್ನು ಗಿಡಗಳ ನಡುವೆಯೇ ನಿಲ್ಲಿಸಿ, ಒಳಗಿನಿಂದ ಫೋಟೋ ಆಲ್ಬಮ್ ತಂದು, ಹಿಂದಿನ ವರ್ಷದ ಗುಲಾಬಿಗಳನ್ನು ಒಂದೊಂದಾಗಿ ತೋರಿಸಿದರು. ಅದಕ್ಕೇ ಒಂದು ತಾಸು ಹಿಡಿಯಿತು. ಅಷ್ಟರಲ್ಲಿ ಹೊತ್ತು ಮುಳುಗಿ, ಗಿಡದಲ್ಲಿದ್ದ ಗುಲಾಬಿಗಳ ಬಣ್ಣವೇ ತಿಳಿಯದಾಯಿತು.

ಬಳೆ ಮಾರುವ ಸಂಗವ್ವನದು ನಾಲ್ಕು ಮಾರಿನ ಅಂಗಳ, ಗಿಡವೆಲ್ಲ ಎಣ್ಣೆಯ ಡಬ್ಬಿಗಳಲ್ಲಿ. ಇವಳಾದರೂ ಇದ್ದದ್ದನ್ನು ತೋರಿಸಿಯಾಳು ಎಂದುಕೊಂಡ. ಅವಳೂ ಹಣೆ ಚಚ್ಚಿಕೊಂಡು, ನಿನ್ನೆ ಬಂದಿದ್ದರೆ ದಾಸವಾಳ ಹೇಗಿತ್ತು ಗೊತ್ತೇ ಎಂದಳು.

ಏಳನೆಯ ದಿನ ಅಡಿವೆಪ್ಪ ಮುಖ ಗಂಟಿಕ್ಕಿಕೊಂಡು ಮರಳಿದ.

"ಹನ್ನೊಂದ ತೋಟ ತಿರಗಿದೆನ್ರಿ ಅಜ್ಜಾರ. ಒಬ್ಬರೂ ಇದ್ದದ್ದ ತೋರಸಲಿಲ್ಲ. ಹೋದ ವಾರದ್ದ ಹೇಳ್ತಾರ, ಇಲ್ಲಾ ಬರೋ ವಾರದ್ದ ಹೇಳ್ತಾರ."

"ಹಂಗಾರ ನೀ ಏನ ನೋಡಿದಿ?"

ಅಡಿವೆಪ್ಪ ನೆನಪು ಮಾಡಿಕೊಂಡ. ಹೆಡ್ ಮಾಸ್ತರರ ಆಲ್ಬಮ್ ನೆನಪಿತ್ತು. ಗುಲಾಬಿ ನೆನಪಾಗಲಿಲ್ಲ.

"ಅವರ ಮಾತ ಕೇಳಿದೆನ್ರಿ," ಎಂದ.

ಅಜ್ಜಾರು ಏಳಲೆಂದು ಪಕ್ಕದಲ್ಲಿದ್ದ ಊರುಗೋಲಿಗೆ ಕೈ ಚಾಚಿದರು. ಕೈ ಕೋಲಿನಿಂದ ಒಂದು ಗೇಣು ಆಚೆ ನೆಲ ಮುಟ್ಟಿತು. ಅಲ್ಲಿಂದ ತಡವುತ್ತ ಬಂದು ಕೋಲು ಹಿಡಿಯಿತು.

ಅಡಿವೆಪ್ಪ ಆ ಕೈಯನ್ನೇ ನೋಡಿದ. ಅವನು ಊರೂರು ತಿರುಗಿದ ಏಳು ದಿನಗಳಲ್ಲಿ ಆ ಕಣ್ಣು ಅಷ್ಟು ದೂರ ಹೋಗಿದ್ದವು. ಸಂಕ್ರಾಂತಿಗೆ ಇನ್ನೂ ಒಂದೂವರೆ ತಿಂಗಳಿತ್ತು.

"ಬರ್ರಿ ಅಜ್ಜಾರ," ಎಂದ. "ತೋಟ ನೋಡೂಣು."

"ಅರಳ್ಯಾವೇನು?"

"ಇಲ್ರಿ. ಬರ್ರಿ."

ತಟ್ಟಿ ಸರಿಸಿ, ಕೈ ಹಿಡಿದು ಒಳಗೆ ಕರೆದುಕೊಂಡು ಬಂದ. ಏಳು ದಿನ ನೀರು ಕಾಣದ ಮಡಿಗಳು ಬಾಡಿದ್ದವು. ಅವನಿಗೆ ಅಳು ಬಂತು, ನುಂಗಿಕೊಂಡ. ನುಂಗಿದ್ದು ಮಾತಾಗಿ ಹೊರಟಿತು. ಈ ಮಲ್ಲಿಗೆ ಬೇಸಿಗೆಯಲ್ಲಿ ಬುಟ್ಟಿಗಟ್ಟಲೆ ಬಿಟ್ಟಿತ್ತು ಎಂದ. ಈ ಸೇವಂತಿಗೆ ಬರುವ ತಿಂಗಳು ಹಳದಿ ಚಾದರ ಹಾಸಿದಂತೆ ಕಾಣುತ್ತದೆ ಎಂದ. ತಾನು ಥೇಟ್ ಹೆಡ್ ಮಾಸ್ತರರ ಹಾಗೆ ಮಾತಾಡುತ್ತಿರುವುದು ಅವನಿಗೆ ಹೊಳೆಯಿತು. ಆದರೂ ಬಾಯಿ ನಿಲ್ಲಲಿಲ್ಲ.

ಅಜ್ಜಾರು ಕೈ ಬಿಡಿಸಿಕೊಂಡರು. ಕೋಲೂರಿ ಮೆಲ್ಲಗೆ ನೆಲಕ್ಕೆ ಕುಳಿತು, ಮುಖವನ್ನು ಬೇಲಿಯ ಬುಡಕ್ಕೆ ತೀರಾ ಸಮೀಪ ತಂದರು.

"ಇಲ್ಲೇನೋ ಬೆಳ್ಳಗ ಕಾಣಾಕತ್ತೈತಿ. ಏನದು?"

ಅಡಿವೆಪ್ಪ ಬಗ್ಗಿದ. ಅವನು ನೆಟ್ಟದ್ದಾಗಲಿ ನೀರು ಹಾಕಿದ್ದಾಗಲಿ ಅಲ್ಲ. ನಾಚಿಕೆಯಿಂದ ಅವನ ದನಿ ಇಳಿಯಿತು.

"ತುಂಬೆ ಹೂವ್ರಿ. ಅದು ಕಳೆ. ನಾಳೆ ಕಿತ್ತ ಹಾಕ್ತೀನ್ರಿ."

"ನಾಳೆ ಕೀಳು," ಎಂದರು ಅಜ್ಜಾರು. "ಈಗ ಕುಂದ್ರು, ನೋಡೂಣು."