ಮರಗಳು ಕಬ್ಬಿಣ ನುಂಗಲು ಕಲಿತದ್ದು

ಲೋಕದ ಮೇಲಿನ ಹಸಿ ಇನ್ನೂ ಆರಿರಲಿಲ್ಲ. ಬೆಟ್ಟಗಳು ಮೆತ್ತಗಿದ್ದವು. ಹೊಳೆಗಳು ಯಾವ ಕಡೆ ಹರಿಯಬೇಕೆಂದು ದಾರಿಹೋಕರನ್ನು ಕೇಳುತ್ತಿದ್ದವು.

ಮರಗಳು ಆಗ ಕಾಡಿನಲ್ಲಿ ಮಾತ್ರ ಇದ್ದವು. ಅವಕ್ಕೆ ಎಲೆ ಬಿಡಲು ಬರುತ್ತಿತ್ತು, ಹೂ ಬಿಡಲು ಬರುತ್ತಿತ್ತು. ಗಾಯ ಮುಚ್ಚಿಕೊಳ್ಳಲು ಮಾತ್ರ ಬರುತ್ತಿರಲಿಲ್ಲ. ಕೊಂಬೆ ಮುರಿದರೆ ಮುರಿದ ಜಾಗ ಕೊನೆಯವರೆಗೂ ಹಾಗೇ ತೆರೆದುಕೊಂಡಿರುತ್ತಿತ್ತು.

ಆ ಕಾಲದಲ್ಲಿ ಮನುಷ್ಯರು ಮೊದಲ ಪಟ್ಟಣವನ್ನು ಕಟ್ಟಿದರು. ಎದುರುಬದುರು ಮನೆಗಳು, ನಡುವೆ ಹೊಳೆಯವರೆಗೂ ಉದ್ದದ ಬೀದಿ. ಎಲ್ಲ ಚೆನ್ನಾಗಿತ್ತು, ನೆರಳೊಂದಿರಲಿಲ್ಲ. ಮಧ್ಯಾಹ್ನ ಆ ಬೀದಿಗೆ ಇಳಿದವರು ಅಂಗಾಲು ಸುಟ್ಟು, ಕೋಳಿಯ ಹಾಗೆ ಹೆಜ್ಜೆ ಎತ್ತಿ ಎತ್ತಿ ನಡೆಯುತ್ತಿದ್ದರು.

ಊರಿನ ಕೆಲವರು ಕಾಡಿಗೆ ಹೋಗಿ ಹೊಂಗೆಯ ಸಸಿಗಳನ್ನು ತಂದು ಬೀದಿಯ ಎರಡೂ ಬದಿಗೆ ನೆಟ್ಟರು. ಯಾರೂ ಅವರಿಗೆ ಹೇಳಿರಲಿಲ್ಲ, ಯಾರೂ ಕೂಲಿ ಕೊಡುತ್ತಿರಲಿಲ್ಲ. ಬೆಳಗ್ಗೆ ತಮ್ಮ ತಮ್ಮ ಕೆಲಸಕ್ಕೆ ಹೋಗುವ ಮುಂಚೆ ಹೊಳೆಯಿಂದ ಕೊಡ ಹೊತ್ತು ತಂದು ಸಸಿಗಳಿಗೆ ಹೊಯ್ಯುವರು. ಉಳಿದವರು ಜಗಲಿಯ ಮೇಲೆ ಕೂತು ನಗುವರು.

"ಓ, ಗಿಡದವರು ಹೊರಟರು. ಸ್ವಂತ ಮನೆ ತೊಟ್ಟಿ ಒಣಗಿದೆ, ಬೀದಿಗೆ ನೀರಂತೆ."

ಹಾಗಾಗಿ ಅವರಿಗೆ ಗಿಡದವರು ಎಂದೇ ಹೆಸರಾಯಿತು.

ಮಾಳವ್ವ ಆ ಗಿಡದವರಲ್ಲಿ ಒಬ್ಬಳು. ಅವಳ ಮಗಳು ಕೆಂಚಿ ಇನ್ನೊಬ್ಬಳು. ಕಮ್ಮಾರ ಈರಾಚಾರಿಯೂ ಗಿಡದವನೇ. ಎಳೆ ಸಸಿ ಬಾಗದಿರಲಿ ಎಂದು ಅವನು ಪ್ರತಿ ಸಸಿಯ ಪಕ್ಕಕ್ಕೂ ಒಂದು ಗೂಟ ಮಾಡಿಕೊಟ್ಟ, ಒಂದು ಕಬ್ಬಿಣದ ಕಂಬಿ ಕೊಟ್ಟ. ಸಸಿಯನ್ನೂ ಗೂಟವನ್ನೂ ಸೇರಿಸಿ ಕಂಬಿ ಬಳಸಿ, ತುದಿಗಳನ್ನು ತಿರುಚಿ ಗಂಟು ಹಾಕಬೇಕು. ಅದಕ್ಕೆ ಬಳೆ ಎನ್ನುತ್ತಿದ್ದರು. ಕಬ್ಬಿಣ ಆಗತಾನೇ ಭೂಮಿಯಿಂದ ಎದ್ದು ಬಂದಿತ್ತು. ಅದರ ಗುಣ ಯಾರಿಗೂ ಪೂರ್ತಿ ತಿಳಿದಿರಲಿಲ್ಲ.

ಮೊದಮೊದಲು ಊರಿನವರು ಬಳೆಗಳನ್ನು ಬಿಚ್ಚಿ ಮನೆಗೆ ಒಯ್ದರು. ಒಬ್ಬರಿಗೆ ಬಾಗಿಲ ಕೊಕ್ಕೆಯಾಯಿತು, ಇನ್ನೊಬ್ಬರಿಗೆ ಬಟ್ಟೆ ಒಣಹಾಕುವ ಕಂಬಿಯಾಯಿತು. ಸಸಿಗಳು ನೆಲಕ್ಕೆ ಬಿದ್ದವು. ಆಗ ಗಿಡದವರು ಊರನ್ನೆಲ್ಲ ಹೊಳೆಯ ದಂಡೆಗೆ ಕರೆದು ಒಂದು ಕಟ್ಟಳೆ ಮಾಡಿದರು: ಬಳೆ ಕಟ್ಟಿದ ಕೈಯೇ ಬಳೆ ಬಿಚ್ಚಬೇಕು, ಬೇರೆ ಕೈ ಮುಟ್ಟಕೂಡದು. ಎಲ್ಲರೂ ನೀರು ಮುಟ್ಟಿ ಆಣೆ ಇಟ್ಟರು. ಹೊಳೆ ಆಣೆಯನ್ನು ಕೇಳಿಸಿಕೊಂಡಿತು.

ಕೆಂಚಿ ಎಡಗೈಯವಳು. ಎಲ್ಲರ ಗಂಟು ಬಲಕ್ಕೆ ತಿರುಗಿದ್ದರೆ ಅವಳದು ಎಡಕ್ಕೆ ತಿರುಗಿತ್ತು.

"ಇದೇನೇ ಹುಡುಗಿ, ಹಿಂದುಮುಂದಾಗಿ ತಿರುಚಿದ್ದೀಯ?" ಎಂದು ಈರಾಚಾರಿ ರೇಗಿಸಿದ.

"ನಿಮ್ಮದೇ ಹಿಂದುಮುಂದು ಮಾವ. ಬೇಕಾದರೆ ನನ್ನ ಗಿಡವನ್ನ ಕೇಳಿ" ಎಂದಳು ಕೆಂಚಿ.

ಆ ಮಳೆಗಾಲ ಊರಿಗೆ ಜ್ವರ ಬಂತು. ಕೆಂಚಿ ಹೋದಳು.

ಮಾಳವ್ವ ನೀರು ಹಾಕುವುದನ್ನು ಬಿಡಲಿಲ್ಲ. ಬೆಳಗ್ಗೆ ಮಗಳ ಗಿಡದ ಬುಡಕ್ಕೆ ಕೊಡ ಬಗ್ಗಿಸಿ, ಎಡಕ್ಕೆ ತಿರುಗಿದ ಆ ಗಂಟಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಲ್ಲುವಳು. ಆಮೇಲೆ ಕೆಲಸಕ್ಕೆ ಹೋಗುವಳು. ಮೊದಲು ಬಳೆ ಅವಳ ಕೈಗೆ ಸಲೀಸಾಗಿ ಸುತ್ತ ತಿರುಗುತ್ತಿತ್ತು. ಗಿಡ ಬೆಳೆದ ಹಾಗೆ ತಿರುಗುವುದು ನಿಂತಿತು. ಗಟ್ಟಿಯಾಗಿ ಹಿಡಿದುಕೊಂಡಿದೆ, ಎಂದುಕೊಂಡಳು ಮಾಳವ್ವ. ಅವಳಿಗೆ ಅದರಿಂದ ಸಮಾಧಾನವೇ ಆಯಿತು.

ಹೊಂಗೆಗಳು ಬೆಳೆದವು, ಗೂಟಗಳು ಕೊಳೆತು ಬಿದ್ದವು. ಆ ಬದಿಯ ಕೊಂಬೆ ಈ ಬದಿಯ ಕೊಂಬೆಯನ್ನು ಮುಟ್ಟಿತು. ಜಗಲಿಯ ಮೇಲೆ ನಗುತ್ತಿದ್ದವರು ಮಂಚಗಳನ್ನು ಬೀದಿಗೆ ತಂದು ನೆರಳಲ್ಲಿ ಮಲಗಿದರು. ಹೂ ಬಿಟ್ಟಿತೇ, ಕಾಯಿ ಕಟ್ಟಿತೇ ಎಂದು ಎಲ್ಲರೂ ತಲೆ ಎತ್ತಿ ಎತ್ತಿ ನೋಡಿದರು.

ಒಂದು ಮಧ್ಯಾಹ್ನ, ಎಲೆಯೂ ಅಲುಗದ ಹೊತ್ತಿನಲ್ಲಿ, ಮುದ್ದಯ್ಯನೆಂಬ ಗಿಡದವನ ಮನೆಯ ಮುಂದಿನ ಹೊಂಗೆ ಮುರಿದು ಬಿತ್ತು.

ಮುದ್ದಯ್ಯ ನೀರು ಕುಡಿಯಲೆಂದು ಆಗಷ್ಟೇ ಎದ್ದು ಒಳಗೆ ಹೋಗಿದ್ದ. ಹೊರಗೆ ಬಂದು ನೋಡಿದರೆ ಅವನು ಮಲಗಿದ್ದ ಮಂಚ ಚೂರುಚೂರಾಗಿತ್ತು. ಅವನ ಕೈಯ ಚೊಂಬು ವಾರೆಯಾಗಿ ನೀರು ಪಾದದ ಮೇಲೆ ಸುರಿಯುತ್ತಿತ್ತು. ಅವನಿಗೆ ಅದು ಗೊತ್ತಾಗಲಿಲ್ಲ. ಬೀದಿಯ ಜನವೆಲ್ಲ ಬಂದು ನಿಂತರು.

ಕೊನೆಗೆ ಯಾರೋ ಗಾಳಿಯನ್ನು ಕರೆದರು.

"ನಾನಲ್ಲ" ಎಂದಿತು ಗಾಳಿ, ಬೆಟ್ಟದ ಆಚೆಯಿಂದ ಏದುಸಿರು ಬಿಡುತ್ತ ಬಂದು. "ಬೆಳಗಿನಿಂದ ಅಲ್ಲಿ ರಾಗಿ ತೂರುವವರ ಹತ್ತಿರ ಇದ್ದೀನಿ. ಬೇಕಾದರೆ ಹೊಟ್ಟು ನೋಡಿ, ಇನ್ನೂ ಮೈಮೇಲಿದೆ."

ಎಲ್ಲರೂ ಜಗಲಿಯ ಕಂಬಕ್ಕೆ ಕಟ್ಟಿದ್ದ ಮೇಕೆಯ ಕಡೆ ತಿರುಗಿದರು.

"ನನ್ನ ಮುಖ ಯಾಕೆ ನೋಡ್ತೀರಿ?" ಎಂದಿತು ಮೇಕೆ. "ಎಲೆ ತಿಂದದ್ದುಂಟು, ಇಲ್ಲ ಅನ್ನಲ್ಲ. ಮರ ಮುರಿಯೋ ಹಲ್ಲಿದ್ದಿದ್ದರೆ ನಿಮ್ಮ ಹಗ್ಗ ಕಡಿಯದೆ ಬಿಡ್ತಿದ್ದೆನಾ?"

ಆಗ ಬಿದ್ದ ಮರದಿಂದ ಒಂದು ಇರುವೆ ಇಳಿದು ಬಂತು. ಬಾಯಲ್ಲಿ ಮೊಟ್ಟೆ ಇತ್ತು. ಅದನ್ನು ಕೆಳಗಿಟ್ಟು ಹೇಳಿತು, "ಈ ಮರದಲ್ಲಿ ಮೇಲಿನ ಸಾರ ಬೇರಿಗೆ ಇಳಿಯೋ ದಾರಿ ಮುಚ್ಚಿ ಬಹಳ ಕಾಲವಾಯಿತು. ನೀವು ಬರೀ ಮೇಲೆ ನೋಡ್ತೀರಿ. ಸ್ವಲ್ಪ ಕೆಳಗೆ ನೋಡಿ."

ನೋಡಿದರು. ಬಳೆ ಇದ್ದ ಜಾಗದಲ್ಲಿ ಮರ ಮುರಿದಿತ್ತು. ಅದರ ಮೇಲೂ ಕೆಳಗೂ ಕಾಂಡ ತೋಳಿನ ತೆಕ್ಕೆಯಷ್ಟು ದಪ್ಪ. ಬಳೆಯೊಳಗೆ ಮಾತ್ರ ಮಣಿಕಟ್ಟಿನಷ್ಟು ತೆಳ್ಳಗೆ. ಕಂಬಿ ಒಳಗೆ ಕೊರೆದುಕೊಂಡು ಹೋಗಿ ನಿಂತಿತ್ತು.

ಈರಾಚಾರಿ ಮುರಿದ ಜಾಗದ ಹತ್ತಿರ ಬಗ್ಗಿ ನೋಡಿದ. "ನನ್ನ ಕಂಬಿ" ಎಂದ.

"ಗಂಟು ನಂದು" ಎಂದ ಮುದ್ದಯ್ಯ.

ಆಮೇಲೆ ಗಿಡದವರೆಲ್ಲ ತಮ್ಮ ತಮ್ಮ ಮರದತ್ತ ಓಡಿದರು. ಬೀದಿಯ ಉದ್ದಕ್ಕೂ ಗಂಟು ಬಿಚ್ಚುವ ಸದ್ದು, ಕಂಬಿ ಕಲ್ಲಿನ ಮೇಲೆ ಬೀಳುವ ಸದ್ದು.

ಮಾಳವ್ವ ಓಡಲಿಲ್ಲ. ಕೆಂಚಿಯ ಮರದ ಹತ್ತಿರ ಬಂದು ತಲೆ ಎತ್ತಿದಳು. ನೆತ್ತಿಯ ಎಲೆಗಳು ಹಳದಿಯಾಗಿದ್ದವು. ಬಿಸಿಲಿಗೆ ಎಂದುಕೊಂಡಿದ್ದಳು. ಬಳೆಯ ಸಂದಿಗೆ ಬೆರಳು ತೂರಿಸಲು ನೋಡಿದಳು. ಉಗುರೂ ಹೋಗಲಿಲ್ಲ.

ಈರಾಚಾರಿ ಇಕ್ಕಳ ಹಿಡಿದು ಬಂದವನು ಅವಳನ್ನು ಕಂಡು ನಿಂತ.

"ಮುಟ್ಟಬೇಡಿ ಆಚಾರ್ರೇ" ಎಂದಳು ಮಾಳವ್ವ. "ಅವಳ ಕೈಯದು ಅಂತ ನನಗೆ ಉಳಿದಿರೋದು ಇದೊಂದೇ."

"ನೀನು ಹೇಳೋವರೆಗೆ ಮುಟ್ಟಲ್ಲ ಮಾಳವ್ವ. ಆಣೆಯೂ ಇದೆ." ಅವನು ನೆತ್ತಿಯ ಹಳದಿ ಎಲೆಗಳನ್ನು ನೋಡಿದ. "ಆದರೆ ಇದು ಬರೋ ಮಳೆ ಕಾಣಲ್ಲ."

ಮಾಳವ್ವ ಮರದ ಕಡೆ ತಿರುಗಿದಳು.

"ನೋವಾಗ್ತಿತ್ತಾ?" ಎಂದು ಕೇಳಿದಳು.

"ಹೂಂ, ಅವ್ವ" ಎಂದಿತು ಮರ.

"ಮತ್ತೆ ಒಂದು ಮಾತು ಹೇಳಬಾರದಾಗಿತ್ತಾ?"

"ನೀನು ದಿನಾ ಬೆಳಗ್ಗೆ ಬಂದು ಅಲ್ಲೇ ಕೈ ಇಡ್ತಿದ್ದೆ. ಹೇಗೆ ಹೇಳಲಿ?"

ಮಾಳವ್ವ ತನ್ನ ಅಂಗೈ ನೋಡಿಕೊಂಡಳು. ತಾನು ಸವರುತ್ತಿದ್ದದ್ದು ಏನನ್ನು ಎಂದು ಆಗ ತಿಳಿಯಿತು. ಈರಾಚಾರಿಯ ಕಡೆ ತಿರುಗಿ ಕೈ ಚಾಚಿದಳು.

"ಇಕ್ಕಳ ಕೊಡಿ ಆಚಾರ್ರೇ."

"ಆಣೆ?" ಎಂದ ಹಿಂದಿನಿಂದ ಮುದ್ದಯ್ಯ, ಮೆಲ್ಲಗೆ.

"ಕಟ್ಟಿದ ಕೈ ಈ ಹೊಟ್ಟೆಯಿಂದ ಬಂದದ್ದು" ಎಂದಳು ಮಾಳವ್ವ. "ಅಷ್ಟು ಸಾಲದಾ? ಹೊಳೆಯನ್ನೇ ಕೇಳು."

ಬೀದಿಯ ಕೊನೆಯಿಂದ ಹೊಳೆ ಹೇಳಿತು, "ಸಾಕು."

ಮಾಳವ್ವ ಇಕ್ಕಳದಲ್ಲಿ ಗಂಟನ್ನು ಹಿಡಿದು ತಿರುಗಿಸಿದಳು. ಎಲ್ಲ ಗಂಟು ಬಿಚ್ಚುವ ಹಾಗೆಯೇ ತಿರುಗಿಸಿದಳು. ಬಳೆ ಇನ್ನೂ ಬಿಗಿಯಿತು, ಮರ ನರಳಿತು. ಮಾಳವ್ವ ಬೆಚ್ಚಿ ಕೈ ತೆಗೆದಳು. ಆಮೇಲೆ ಇಕ್ಕಳವನ್ನು ಎಡಗೈಗೆ ತೆಗೆದುಕೊಂಡು ಎದುರು ದಿಕ್ಕಿಗೆ ತಿರುಗಿಸಿದಳು. ಮಗಳು ಹಾಕಿದ ಗಂಟು ಸುತ್ತು ಸುತ್ತಾಗಿ ಬಿಚ್ಚಿಕೊಂಡಿತು.

ಮುಂದಿನ ಅರ್ಧ ಬಳೆ ಕಿತ್ತು ಬಂತು. ಹಿಂದಿನ ಅರ್ಧ ಒಳಗೆ ಹೂತುಹೋಗಿತ್ತು. ಮಾಳವ್ವ ಹೇಳಿದ ಮೇಲೆ ಈರಾಚಾರಿ ಅದನ್ನು ಹಿಡಿದು ಎಳೆದ. ಕಂಬಿಯ ಜೊತೆಗೆ ತೊಗಟೆಯೂ ಎದ್ದಿತು. ಮರ ಬುಡದಿಂದ ನೆತ್ತಿಯವರೆಗೆ ನಡುಗಿತು, ಹಳದಿ ಎಲೆಗಳು ನಿಂತವರ ತಲೆಯ ಮೇಲೆ ಉದುರಿದವು.

"ಬಿಡಿ" ಎಂದಿತು ಮರ. "ಅದನ್ನ ಎಳೆದರೆ ನಾನೂ ಅದರ ಜೊತೆ ಬರ್ತೀನಿ."

ಈರಾಚಾರಿ ಕೈ ಬಿಟ್ಟ. ಇನ್ನು ಮಾಡುವುದೇನೆಂದು ಯಾರಿಗೂ ತೋಚಲಿಲ್ಲ. ಇದ್ದರೆ ನೋವು, ತೆಗೆದರೆ ಸಾವು. ಲೋಕ ಹೊಸದು, ಅಂಥದ್ದಕ್ಕೆ ಮದ್ದು ಇನ್ನೂ ಹುಟ್ಟಿರಲಿಲ್ಲ.

"ಅವ್ವ" ಎಂದಿತು ಮರ. "ನಿನ್ನೊಳಗೂ ಒಂದು ಹೊಕ್ಕಿದೆಯಲ್ಲ, ತೆಗೆಯೋಕೆ ಬಾರದ್ದು. ನೀನು ಅದನ್ನ ಏನು ಮಾಡಿದೆ?"

ಮಾಳವ್ವನನ್ನು ಈವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಅವಳು ಯೋಚಿಸಿದಳು. ಸುಳ್ಳು ಹೇಳಬಾರದು ಎನಿಸಿತು.

"ಏನೂ ಮಾಡಲಿಲ್ಲ ಕಣಪ್ಪ. ಅದು ಇದ್ದಲ್ಲೇ ಇದೆ. ನಾನು ಅದರ ಸುತ್ತ ಬದುಕಿದೆ. ಸುತ್ತಲೂ ಒಲೆ ಹಚ್ಚಿದೆ, ಸುತ್ತಲೂ ನೀರು ಹೊತ್ತೆ. ಮೊದಲು ಎಲ್ಲಿ ಕೈ ಇಟ್ಟರೂ ತಗಲುತ್ತಿತ್ತು. ಈಗ ಕೆಲವು ಹೊತ್ತು ತಗಲೋದಿಲ್ಲ."

"ಸುತ್ತ" ಎಂದಿತು ಮರ, ಹೊಸ ಮಾತು ಕಲಿಯುವ ಮಗುವಿನ ಹಾಗೆ. "ಹಾಗಾದರೆ ನಾನೂ ನೋಡ್ತೀನಿ."

ಮಾಳವ್ವ ಹುತ್ತದ ಮಣ್ಣಿಗೆ ಸಗಣಿ ಕಲಸಿ ಗಾಯಕ್ಕೆ ಮೆತ್ತಿದಳು. ಮುದ್ದಯ್ಯ ನೀರು ತಂದ. ಮಂಚ ತಂದು ನೆರಳಲ್ಲಿ ಮಲಗುತ್ತಿದ್ದವರೂ ಆ ದಿನ ಕೊಡ ಹೊತ್ತರು.

ಮಳೆ ಬಂತು. ಗಾಯದ ಅಂಚಿನಲ್ಲಿ ತೊಗಟೆ ತುಟಿಯ ಹಾಗೆ ಉಬ್ಬಿತು. ಮುಂದಿನ ಮಳೆಗೆ ಎರಡು ತುಟಿಗಳು ಕಂಬಿಯ ಮೇಲಿಂದ ಒಂದರ ಕಡೆ ಒಂದು ಬಂದವು. ಹಿಂದೆ ಯಾವ ಮರವೂ ಹಾಗೆ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ನೋಡಲು ಜನ ಬಂದು ಬೆರಗಾಗಿ ನಿಲ್ಲುತ್ತಿದ್ದರು. ನೆತ್ತಿಯಲ್ಲಿ ಎಳೆ ಎಲೆ ಮೂಡಿತು. ಗಾಳಿ ಆ ಸುದ್ದಿಯನ್ನು ಕಾಡಿಗೆ ಒಯ್ದು ಮರಮರಕ್ಕೂ ಹೇಳಿತು. ಆಲ ಕಲಿಯಿತು, ಮಾವು ಕಲಿಯಿತು, ಬೇವು ಕಲಿಯಿತು.

ಗಿಡದವರು ಹಳೆಯ ಕಟ್ಟಳೆಯನ್ನು ಹೊಳೆಗೆ ಬಿಟ್ಟರು. ಮಳೆಗೆ ಮುಂಚೆ ಯಾರು ಕಟ್ಟಿದ ಬಳೆಯನ್ನಾದರೂ ಯಾರು ಬೇಕಾದರೂ ಸಡಿಲಿಸಬಹುದು ಎಂದಾಯಿತು. ಮಾಳವ್ವ ಬೆಳಗ್ಗೆ ಬೀದಿಯ ಈ ತುದಿಯಿಂದ ಆ ತುದಿಯವರೆಗೂ ಬಗ್ಗಿ ಬಗ್ಗಿ ಹೊಸದಾಗಿ ನೆಟ್ಟ ಪ್ರತಿ ಸಸಿಯ ಬಳೆಗೂ ಬೆರಳು ತೂರಿಸಿ ನೋಡುತ್ತ ಹೋಗುವಳು.

ಆವತ್ತಿನಿಂದ, ಬೀದಿ ಬದಿಯ ಮರಗಳು ತಮ್ಮೊಳಗೆ ಹೊಕ್ಕ ಕಂಬಿಯನ್ನೋ ಮೊಳೆಯನ್ನೋ ತೊಗಟೆಯಲ್ಲಿ ಮುಚ್ಚಿಕೊಳ್ಳುತ್ತವೆ. ನೀವು ಶಾಲೆಗೆ ಹೋಗುವ ದಾರಿಯಲ್ಲಿ ಬೇಲಿಯ ಕಬ್ಬಿಣವನ್ನು ಅರ್ಧ ಬಾಯೊಳಗೆ ಇಟ್ಟುಕೊಂಡು ನಿಂತ ಮರವನ್ನು ಕಂಡರೆ, ಅದು ಕಬ್ಬಿಣ ತಿನ್ನುತ್ತಿಲ್ಲ, ಅದರ ಸುತ್ತ ಬೆಳೆಯುತ್ತಿದೆ.