ಇಲಿರಾಯನ ಕಣಜ

ಹೊಲದ ಎತ್ತರದ ಬದುವಿನೊಳಗೆ ಇಲಿರಾಯ ಹೆಂಡತಿಯೊಡನೆ ವಾಸವಾಗಿದ್ದ. ಹಲ್ಲು ಸವೆದ ಮೇಲೆ ತಿನ್ನಲೆಂದು ಇಬ್ಬರೂ ಹರೆಯದಲ್ಲೇ ರಾಗಿ ತೆನೆಗಳನ್ನು ತಂದು ಬಿಲದಲ್ಲಿ ಕೂಡಿಟ್ಟಿದ್ದರು. ಹಲ್ಲು ಸವೆಯಿತು. ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದಾಗ ಒಂದು ಸಂಜೆ ಗುಡುಗು, ಮಳೆ ಶುರುವಾಯಿತು.

ಹೊರಗಿನಿಂದ ಕಪ್ಪೆ ಕೂಗಿತು: "ರಾಯರೇ, ಈ ಮಳೆ ಬದುವನ್ನೇ ಕೊಚ್ಚಿಕೊಂಡು ಹೋಗುತ್ತದೆ. ಬುದ್ಧಿ ಇದ್ದವರು ಈಗಲೇ ಕಾಳು ಸಾಗಿಸುತ್ತಾರೆ."

"ಹೋದ ವರ್ಷವೂ ನೀನು ಹೀಗೇ ಹೇಳಿದ್ದೆ," ಎಂದ ಇಲಿರಾಯ.

"ಹೋದ ವರ್ಷದ ಮೋಡವೇ ಬೇರೆ, ಇದೇ ಬೇರೆ," ಎಂದಿತು ಕಪ್ಪೆ.

ಇಲಿರಾಯನಿಗೆ ಕೂತಲ್ಲಿ ಕೂರಲಾಗಲಿಲ್ಲ. ಸುರಿಯುವ ಮಳೆಯಲ್ಲೇ ತೆನೆಗಳನ್ನು ಕಚ್ಚಿಕೊಂಡು ದೂರದ ಬಂಡೆಯ ಸಂದಿಗೆ ಸಾಗಿಸಿದ. ಅರ್ಧದಷ್ಟು ತೆನೆ ದಾರಿಯ ನೀರಿನಲ್ಲಿ ಕೊಚ್ಚಿಹೋಯಿತು. ಉಳಿದದ್ದು ನೆನೆದು ಬೂಷ್ಟು ಹಿಡಿಯಿತು. ಬದು ಮಾತ್ರ ಇದ್ದ ಹಾಗೇ ಇತ್ತು.

ಮಳೆ ನಿಂತ ಮೇಲೆ ಹೆಂಡತಿ ಮರಳಿ ಬಂದಳು. ಇಲಿರಾಯ ಬಿಲದ ಬಾಯಲ್ಲೇ ಕೂತಿದ್ದ.

"ಬಿಲಕ್ಕೆ ನೀರು ನುಗ್ಗಿತು. ತೆನೆಯೆಲ್ಲ ಹೋಯಿತು. ನಾನೇನು ಮಾಡಲಿ?" ಎಂದ, ಅವಳ ಮುಖ ನೋಡದೆ.

"ಹೋದರೆ ಹೋಗಲಿ, ನೀವು ಉಳಿದಿರಲ್ಲ. ಒಳಗಿನ ಕೆಸರು ಬಳಿದು ಬರುತ್ತೇನೆ," ಎಂದು ಅವಳು ಬಿಲದೊಳಗೆ ಇಳಿದಳು.

ಬಹಳ ಹೊತ್ತಾದ ಮೇಲೆ ಹೊರಗೆ ಬಂದಳು. ಅವಳ ಮೀಸೆಯ ತುಂಬ ಒಣ ಧೂಳು ಮೆತ್ತಿತ್ತು. ಅದನ್ನು ನಿಧಾನವಾಗಿ ಒರೆಸಿಕೊಂಡಳು.

"ಹಸಿದಿರಬೇಕು," ಎಂದಳು. "ಬನ್ನಿ, ಮಗಳು ಕಟ್ಟಿಕೊಟ್ಟ ಕಾಳಿದೆ, ತಿನ್ನಿ."