ಒಂದೇ ಗಾಳಿಚೀಲದ ದೋಣಿ

ಯಂಕೋಬನ ಹರಿಗೋಲು ಈ ಸಲದ ಬಿರುಗಾಳಿಗೆ ಬಂಡೆಗೆ ಬಡಿದು ಚೂರುಚೂರಾಯಿತು. ಹಿನ್ನೀರಿನಲ್ಲಿ ಮೀನು ಹಿಡಿದು ಬದುಕುವವನಿಗೆ ದೋಣಿ ಹೋಯಿತೆಂದರೆ ಕೈಕಾಲೇ ಹೋದಂತೆ. ಹೆಂಡತಿ ಹುಲಿಗೆಮ್ಮ ಮೀನು ಮಾರಿ ಕೂಡಿಟ್ಟ ಎಂಟು ಸಾವಿರ ರೂಪಾಯಿ ಇತ್ತು, ಅಷ್ಟೇ. ಹೊಸ ಹರಿಗೋಲಿಗೆ ಅದು ಎಲ್ಲಿ ಸಾಕು? ಗಾಳಿ ತುಂಬುವ ರಬ್ಬರ್ ದೋಣಿ ಆ ದುಡ್ಡಿಗೆ ಸಿಗುತ್ತದೆಂದು ಯಾರೋ ಹೇಳಿದರು. ಸರಿ, ಇಬ್ಬರೂ ಪೇಟೆಗೆ ಹೊರಟರು. ದಡದಲ್ಲೇ ಗಾಳ ಹಾಕಿ ಹಿಡಿದ ನಾಲ್ಕು ಜಿಲೇಬಿ ಮೀನನ್ನು ಹುಲಿಗೆಮ್ಮ ನೀರಿನ ಬಕೆಟ್ಟಿನಲ್ಲಿ ಜೊತೆಗೇ ತಂದಳು, ದಾರಿಯಲ್ಲಿ ಗಿರಾಕಿ ಸಿಕ್ಕರೆ ಸಿಗಲಿ ಅಂತ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಈ ಗಂಡ ಹೆಂಡತಿ ನೀರಿಗಿಳಿಯುವುದು ಒಟ್ಟಿಗೇ. ಅವನು ಬಲೆ ಬಿಡುತ್ತಾನೆ, ಅವಳು ಹುಟ್ಟು ಹಾಕುತ್ತಾಳೆ. ಮುಳುಗಿದರೆ ಇಬ್ಬರೂ ಮುಳುಗಬೇಕು. ಮನೆಯಲ್ಲಿ ಎರಡು ಪುಟ್ಟ ಮಕ್ಕಳಿವೆ.

ಗವಿಸಿದ್ದಪ್ಪನ ಅಂಗಡಿಯಲ್ಲಿ ಆ ಬೆಲೆಗೆ ಎರಡು ದೋಣಿ ಇದ್ದವು. ಒಂದು ಕೆಂಪು ಬಣ್ಣದ್ದು, ಭಾರಿ ದೊಡ್ಡದು. ನಾಲ್ಕು ಜನ ಕಾಲು ಚಾಚಿ ಕೂರಬಹುದು. ಇನ್ನೊಂದು ಬೂದು ಬಣ್ಣದ್ದು. ಇಬ್ಬರು ಮಂಡಿ ಮಡಚಿ ಕೂತರೆ ಭರ್ತಿ. ಅದರೊಂದಿಗೆ ಎರಡು ತೇಲುವ ಜಾಕೆಟ್ಟು, ಪಂಪು, ತೇಪೆ ಹಾಕುವ ರಬ್ಬರು ಕೊಡುತ್ತಿದ್ದರು.

ಯಂಕೋಬ ಕೆಂಪು ದೋಣಿಯೊಳಗೆ ಹತ್ತಿ ಕೂತೇಬಿಟ್ಟ. ಮುಖ ಊರಗಲ ಆಗಿತ್ತು.

"ಇದೇ ಇರಲಿ ಕಣೇ! ಆ ಬೂದು ದೋಣಿಯಲ್ಲಿ ಹೋದರೆ ಊರವರೆಲ್ಲ ನಗ್ತಾರೆ. ಇದರಲ್ಲಿ ಒಂದು ಕ್ವಿಂಟಾಲ್ ಮೀನು ತರಬಹುದು!"

ಹುಲಿಗೆಮ್ಮ ದೋಣಿಯನ್ನು ಸುತ್ತ ತಡವಿ ನೋಡಿದಳು. "ಅಣ್ಣಾರೆ, ಇದರಲ್ಲಿ ಗಾಳಿಚೀಲ ಎಷ್ಟು?"

"ಒಂದೇ ಅಮ್ಮಾ. ಬೂದು ಬಣ್ಣದ್ದರಲ್ಲಿ ಮೂರು, ಬೇರೆ ಬೇರೆ."

"ಮೀನು ಬಿದ್ದು ಒದ್ದಾಡಿದರೆ ತೂತಾಗಲ್ವಾ?"

ಗವಿಸಿದ್ದಪ್ಪ ಹೊಟ್ಟೆ ಕುಣಿಸಿ ನಕ್ಕ. "ಮೊಸಳೆ ಕಚ್ಚಿದರೂ ಏನೂ ಆಗಲ್ಲಮ್ಮಾ. ಬೇಕಾದ್ರೆ ನೋಡ್ಕೊಳ್ಳಿ!"

ನೋಡ್ಕೊಳ್ಳಿ ಅಂದದ್ದೇ ತಡ, ಹುಲಿಗೆಮ್ಮ ಬಕೆಟ್ಟಿಗೆ ಕೈ ಹಾಕಿ ಅಂಗೈಯಗಲದ ಜಿಲೇಬಿಯೊಂದನ್ನು ದೋಣಿಯೊಳಗೆ ಬಿಟ್ಟಳು. ಮೀನು ಪಟಪಟ ಎಗರಿತು. ಜಿಲೇಬಿಯ ಬೆನ್ನ ಮೇಲೆ ಸೂಜಿಯಂಥ ಮುಳ್ಳಿನ ಸಾಲು ಇರುತ್ತದೆ, ನಿಮಗೆ ಗೊತ್ತಲ್ಲ? ಹರಿಗೋಲಿನಲ್ಲಿ ದಿನಾ ಮಾಡುವ ಹಾಗೆ ಅವಳು ಚಪ್ಪಲಿ ಕಾಲಲ್ಲಿ ಅದನ್ನು ದೋಣಿಯ ಬದಿಗೆ ಒತ್ತಿ ಹಿಡಿದಳು.

ಠುಸ್ಸ್!

"ಅಯ್ಯಯ್ಯೋ! ಏನೇ ಮಾಡಿದೆ? ಹುಚ್ಚುಗಿಚ್ಚು ಹಿಡಿದಿದೆಯಾ ನಿನಗೆ?" ಯಂಕೋಬ ಚೀರಿದ. ಅವರು ನೋಡನೋಡುತ್ತಿದ್ದ ಹಾಗೆ ಅಷ್ಟು ದೊಡ್ಡ ದೋಣಿ ಸುಕ್ಕುಗಟ್ಟಿತು, ಮಡಚಿಕೊಂಡಿತು, ಯಂಕೋಬನ ಎರಡೂ ಕಡೆ ಜೋತುಬಿತ್ತು. ಅವನ ಕುಂಡೆ ಸಿಮೆಂಟು ನೆಲಕ್ಕೆ ತಾಗಿತು.

ಬೈಯಲು ಹೊರಟವನು ಕೆಳಗೆ ನೋಡಿದ. ಕೆಳಗಿರುವುದು ಸಿಮೆಂಟು. ನಾಳೆ ಇದೇ ಜಾಗದಲ್ಲಿ ಎಂಟಾಳುದ್ದ ನೀರು ಇರುತ್ತಿತ್ತು. ಎದುರಿಗೆ ಹುಲಿಗೆಮ್ಮ ಕೂತಿರುತ್ತಿದ್ದಳು. ಅವನು ದಡಬಡ ಎದ್ದು ಆ ರಬ್ಬರಿನಿಂದ ಹೊರಗೆ ಬಂದ.

"ಕಲ್ಲು, ಮೊಸಳೆ ಎಲ್ಲ ಯೋಚಿಸಿದೆ. ಹಿಡಿದ ಮೀನೇ ಮುಳುಗಿಸುತ್ತೆ ಅಂತ ಹೊಳೆಯಲೇ ಇಲ್ಲವಲ್ಲೇ!" ಅಂದ.

ಗವಿಸಿದ್ದಪ್ಪ ತಾನಾಗಿಯೇ ಬೂದು ದೋಣಿಯ ಒಂದು ಮುಚ್ಚಳ ಬಿಚ್ಚಿ ಗಾಳಿ ಬಿಟ್ಟ. ಒಂದು ಪಕ್ಕ ಮೆತ್ತಗಾಯಿತು, ಮಿಕ್ಕೆರಡು ಗಟ್ಟಿಯಾಗಿ ನಿಂತವು. ಯಂಕೋಬ ಅದಕ್ಕೇ ದುಡ್ಡು ಎಣಿಸಿ ಮುಂದೆ ಹಿಡಿದ.

ಆದರೆ ಗವಿಸಿದ್ದಪ್ಪ ದುಡ್ಡು ಮುಟ್ಟಲಿಲ್ಲ. ಮುಖ ಬಿಳಿಚಿಕೊಂಡಿತ್ತು.

"ಹೋದ ವಾರ ಇಂಥವೇ ಕೆಂಪು ದೋಣಿ ಮೂರು ಮಾರಿದೀನಿ. ಮೂವರೂ ಮೀನು ಹಿಡಿಯೋರೇ!"

ಒಬ್ಬೊಬ್ಬರಿಗೇ ಫೋನು ಹಚ್ಚಿದ. ಒಬ್ಬ ಮನೆಯಲ್ಲಿದ್ದ. ಇನ್ನೊಬ್ಬ ದೋಣಿಯನ್ನು ಇನ್ನೂ ಬಿಚ್ಚಿರಲಿಲ್ಲ. ಮೂರನೆಯವನು ತಿಪ್ಪೇಶ. ಫೋನು ಎತ್ತಿದ್ದು ಅವನ ಹೆಂಡತಿ.

"ಅವರು ಬೆಳಕು ಹರಿಯೋದ್ರೊಳಗೇ ನೀರಿಗೆ ಹೋದ್ರಲ್ಲಾ. ಇಷ್ಟೊತ್ತಿಗೆ ಬರಬೇಕಿತ್ತು. ಯಾಕಣ್ಣಾ?"

ಗವಿಸಿದ್ದಪ್ಪ ಫೋನು ಇಟ್ಟ. ಬೂದು ದೋಣಿಗೆ ಮತ್ತೆ ಗಾಳಿ ತುಂಬಿ, ಆಟೋ ಮೇಲೆ ಹೇರಿಕೊಂಡು ಮೂವರೂ ದಡಕ್ಕೆ ಓಡಿದರು. ಹುಲಿಗೆಮ್ಮ ಹುಟ್ಟು ಹಿಡಿದಳು, ಯಂಕೋಬ ತಿಪ್ಪೇಶನ ಹೆಸರು ಹಿಡಿದು ಕೂಗುತ್ತಾ ಹೋದ. ತಾಸು ಕಳೆದ ಮೇಲೆ, ನಡುನೀರಿನಲ್ಲಿ, ಬಲೆಗೆ ಕಟ್ಟಿದ ಖಾಲಿ ಎಣ್ಣೆ ಕ್ಯಾನನ್ನು ತಬ್ಬಿಕೊಂಡು ತೇಲುತ್ತಿದ್ದ ತಿಪ್ಪೇಶ ಕಾಣಿಸಿದ. ಕೆಂಪು ದೋಣಿಯ ಸುಳಿವೇ ಇರಲಿಲ್ಲ. ಉಸಿರಿತ್ತು! ಇಬ್ಬರೂ ಅಂಚಿಗೆ ಒತ್ತರಿಸಿ ಕೂತು, ಅವನನ್ನು ಎಳೆದು ಹೇಗೋ ದೋಣಿಗೆ ಹಾಕಿಕೊಂಡರು. ಎಷ್ಟು ಹೇಳಿದರೂ ಅವನು ಆ ಕ್ಯಾನನ್ನು ಬಿಡಲೊಲ್ಲ. ದಡಕ್ಕೆ ಬಂದ ಮೇಲೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ದಡದಲ್ಲಿ ಕಾಯುತ್ತಿದ್ದ ಗವಿಸಿದ್ದಪ್ಪ ಅದನ್ನು ನೋಡಿ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟ.

ನೀತಿ: ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಎಷ್ಟು ದೊಡ್ಡದು ಸಿಗುತ್ತದೆ ಎಂದು ನೋಡಬೇಡಿ, ಕೆಟ್ಟು ನಿಂತ ಗಳಿಗೆಯಲ್ಲಿ ಅದು ನಮ್ಮನ್ನು ಉಳಿಸುತ್ತದೆಯೇ ಎಂದು ನೋಡಿ. ಕೊಳ್ಳುವವನು ಇದನ್ನು ಕೇಳಿಯೇ ಕೊಳ್ಳಬೇಕು. ಮಾರುವವನು ಕೇಳದಿದ್ದರೂ ಹೇಳಿಯೇ ಮಾರಬೇಕು.